ಬೀಕನ್ ಸದ್ದು ಮಾಡಲಿಲ್ಲ

ಜೂನ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಎಂಟರ ಹೊತ್ತಿಗೆ ಒಮಾನಿನ ಸೂರ್ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಪ್ರಯಾಣದ ಬ್ಯಾಗು. ಊರಿಗೆ ಹೊರಟವಳು ಪಾಸ್‌ಪೋರ್ಟ್ ಕಳೆದುಕೊಂಡಿರಬೇಕು ಎಂದುಕೊಂಡು ಕಾನ್‌ಸ್ಟೇಬಲ್ ಖಮೀಸ್ ಆ ಕೌಂಟರಿನ ಕಡೆ ಕೈ ತೋರಿಸಿದ. ಅವಳು ಅತ್ತ ಹೋಗಲಿಲ್ಲ. ಗಂಡ ಕಾಣೆಯಾಗಿದ್ದಾನೆ, ದೂರು ಕೊಡಬೇಕು ಎಂದು ಹಿಂದಿಯಲ್ಲಿ ಹೇಳಿದಳು. ಎಲ್ಲಿ ಕಾಣೆಯಾದದ್ದು ಎಂದು ಕೇಳಿದ್ದಕ್ಕೆ, ಹಿಮದಲ್ಲಿ ಎಂದಳು. ಹೊರಗೆ ಆಗಲೇ ನಲವತ್ತು ಡಿಗ್ರಿ ದಾಟಿತ್ತು. ಖಮೀಸ್ ಮೊದಲು ಅವಳಿಗೆ ಒಂದು ಲೋಟ ನೀರು ಕೊಟ್ಟ.

ದೂರು ಇನ್‌ಸ್ಪೆಕ್ಟರ್ ಹಿಲಾಲ್ ಅವರ ಮೇಜಿಗೆ ಹೋಯಿತು. ಅವರ ಹುದ್ದೆಗೆ ಅರಬ್ಬಿಯಲ್ಲಿ ಬೇರೆ ಹೆಸರಿದೆ. ಸೂರಿನ ನಮ್ಮ ಜನಕ್ಕೆಲ್ಲ ಅವರು ಇನ್‌ಸ್ಪೆಕ್ಟರೇ. ದುಭಾಷಿಯಾಗಿ ಫಿದಾಳನ್ನು ಕರೆಸಲಾಯಿತು. ಉಳ್ಳಾಲದ ಬ್ಯಾರಿ ಮನೆತನದ ಈ ಹೆಂಗಸು ಗಂಡನ ಜತೆ ಸೂರಿಗೆ ಬಂದು ಎಷ್ಟೋ ಕಾಲವಾಯಿತು. ಠಾಣೆಯಲ್ಲಿ ಕನ್ನಡವೋ ತುಳುವೋ ಕೇಳಿಸಿತೆಂದರೆ ಅವಳಿಗೇ ಫೋನು.

"ಹೆಸರು?"

"ನಿಶ್ಮಿತಾ. ಇಲ್ಲಿ ಡೆಂಟಲ್ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್."

"ಗಂಡ?"

"ಸುಮಿತ್. ಗ್ಯಾಸ್ ಪ್ಲಾಂಟಿನಲ್ಲಿ ಟೆಕ್ನಿಶಿಯನ್. ನಮ್ಮದು ಮುಲ್ಕಿ."

"ಎಲ್ಲಿಗೆ ಹೋಗಿದ್ದ?"

"ಜಾರ್ಜಿಯಾಕ್ಕೆ. ಏಪ್ರಿಲಿನಲ್ಲಿ. ಸ್ಕೀ ಟೂರಿಂಗ್ ಅಂತ."

ಹಿಲಾಲ್ ಪೆನ್ನು ಕೆಳಗಿಟ್ಟರು. ಮುಲ್ಕಿಯ ಮನುಷ್ಯ, ಮೀನಿನ ಪೆಟ್ಟಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಮಂಜುಗಡ್ಡೆ ಕಾಣದ ಊರಿನವನು, ಒಮಾನಿನಲ್ಲಿ ದುಡಿಯುತ್ತ ಸ್ಕೀ ಕಲಿತದ್ದಾದರೂ ಹೇಗೆ ಎಂಬುದು ಅವರಿಗೆ ಮೊದಲು ಅರ್ಥವಾಗಬೇಕಿತ್ತು. ನಿಶ್ಮಿತಾ ಬಿಡಿಸಿ ಹೇಳಿದಳು. ನಾಲ್ಕು ಮಂದಿ ಗೆಳೆಯರು. ದುಬೈಯ ಮಾಲಿನೊಳಗಿನ ಹಿಮದಲ್ಲಿ ಕಲಿತದ್ದು. ಆಮೇಲೆ ಹುಚ್ಚು ಹತ್ತಿತು. ಮೂರು ವರ್ಷದಿಂದ ಪ್ರತಿ ವಸಂತಕ್ಕೆ ಜಾರ್ಜಿಯಾದ ಪರ್ವತಗಳಿಗೆ ಹೋಗುತ್ತಿದ್ದರು. ಅಲ್ಲಿ ಮೇಲಕ್ಕೆ ಒಯ್ಯುವ ತಂತಿಯ ತೊಟ್ಟಿಲಿಲ್ಲ, ಹೋಟೆಲಿಲ್ಲ. ಸ್ಕೀ ಹಲಗೆಯ ಅಡಿಗೆ ರೋಮದ ಪಟ್ಟಿ ಅಂಟಿಸಿಕೊಂಡು ಕಾಲಿನ ಬಲದಿಂದಲೇ ಬೆಟ್ಟ ಹತ್ತುವುದು, ಪಟ್ಟಿ ಕಿತ್ತು ಜಾರಿಕೊಂಡು ಇಳಿಯುವುದು. ಈ ಸಲ ಹತ್ತುವಾಗಲೇ ಇಳಿಜಾರು ಕುಸಿಯಿತು. ಮೂವರು ಮರಳಿ ಬಂದರು.

"ಅಂದರೆ ಗಂಡ ತೀರಿಕೊಂಡ," ಎಂದರು ಹಿಲಾಲ್ ಮೆಲ್ಲಗೆ.

ಫಿದಾ ಅದನ್ನು ಕನ್ನಡಕ್ಕೆ ತರುವ ಮೊದಲೇ ನಿಶ್ಮಿತಾ ತಲೆಯಾಡಿಸಿದಳು.

"ಇಲ್ಲ ಸರ್. ಅವರು ಹಿಮದ ಅಡಿಯಲ್ಲಿಲ್ಲ. ಎಲ್ಲರ ಎದೆಯಲ್ಲೂ ಬೀಕನ್ ಅಂತ ಒಂದು ಮೆಷಿನ್ ಇರ್ತದೆ. ಯಾರಾದ್ರೂ ಹಿಮದಲ್ಲಿ ಹೂತುಹೋದ್ರೆ ಉಳಿದವರ ಮೆಷಿನ್ ಬೀಪ್ ಬೀಪ್ ಅಂತದೆ. ಅಲ್ಲಿ ಎಷ್ಟು ಹುಡುಕಿದ್ರೂ ಸದ್ದು ಬರ್ಲಿಲ್ಲ. ಸದ್ದು ಇಲ್ಲ ಅಂದ್ರೆ ಅಡಿಯಲ್ಲಿ ಮನುಷ್ಯ ಇಲ್ಲ. ಆಚೆ ಬದಿಗೆ ಜಾರಿ ಹೋಗಿರ್ಬೇಕು, ಅಲ್ಲಿ ಕುರಿ ಕಾಯುವವರ ಊರುಗಳುಂಟು, ತಲೆಗೆ ಪೆಟ್ಟಾಗಿ ನೆನಪು ಹೋಗಿರ್ಬಹುದು ಅಂತ ಶೈಲೇಶಣ್ಣ ಹೇಳಿದ್ದಾರೆ."

"ಶೈಲೇಶಣ್ಣ ಯಾರು?"

"ಲೀಡರು. ಇವರನ್ನು ಕರ್ಕೊಂಡು ಹೋದವರು. ನಮಗೆ ಸ್ವಂತ ಅಣ್ಣನ ಹಾಗೆ."

ಅವಳು ಬಂದದ್ದು ಇಷ್ಟಕ್ಕೇ. ಪೊಲೀಸರು ಎಂಬಸಿಗೆ ಬರೆದರೆ ಆ ಊರುಗಳಲ್ಲಿ ಮನೆಮನೆ ಹುಡುಕಬಹುದು. ಬ್ಯಾಗಿನಲ್ಲಿ ಗಂಡನ ಎರಡು ಬನಿಯನ್, ಒಂದು ಲುಂಗಿ, ಸ್ವೆಟರ್, ಶೇವಿಂಗ್ ಸೆಟ್ಟು ಇದ್ದವು. ಸುದ್ದಿ ಸಿಕ್ಕಿದ ಕೂಡಲೇ ಹೊರಡಲು ಸಿದ್ಧವಾಗಿರಲಿ ಎಂದು ಎರಡು ತಿಂಗಳಿಂದ ಆ ಬ್ಯಾಗನ್ನು ಬಿಚ್ಚಿರಲಿಲ್ಲ. ಮನುಷ್ಯನಿಗೆ ಆಸೆ ಎಂಬುದು ಹೀಗೆ ಗಂಟುಬಿದ್ದರೆ ಬಿಡಿಸುವವರು ಯಾರು.

ಹಿಲಾಲ್ ಸೂರಿನ ಮೀನುಗಾರರ ಮನೆಯಲ್ಲಿ ಹುಟ್ಟಿದವರು. ದೋಣಿ ಬಾರದೆ ಉಳಿದ ದಿನಗಳಲ್ಲಿ ಅವರ ತಂದೆ ಮೊದಲು ವಿಚಾರಿಸುತ್ತಿದ್ದದ್ದು ಸಮುದ್ರವನ್ನಲ್ಲ, ದೋಣಿಯ ಎಂಜಿನ್ನನ್ನು. ಅದೇ ಅಭ್ಯಾಸ ಇವರಿಗೂ ಬಂದಿತ್ತು.

"ಆ ಮೆಷಿನ್ ಸರಿ ಇತ್ತು ಅಂತ ಯಾರು ಹೇಳಿದ್ದು?"

"ಶೈಲೇಶಣ್ಣ. ಬೆಳಿಗ್ಗೆ ಅವರೇ ಚೆಕ್ ಮಾಡಿ ಕೊಟ್ಟದ್ದು."

"ಅದಕ್ಕೂ ಮೊದಲು ಯಾರಾದರೂ ಬಿಚ್ಚಿದ್ದರಾ?"

ಅಷ್ಟು ಹೊತ್ತು ನೆಟ್ಟಗೆ ಕೂತಿದ್ದವಳು ಒಮ್ಮೆಲೇ ಬ್ಯಾಗಿನ ಜಿಪ್ಪು ಎಳೆಯತೊಡಗಿದಳು, ಮುಚ್ಚತೊಡಗಿದಳು. ಹಿಲಾಲ್ ಕಾದರು. ಆಮೇಲೆ ಫಿದಾಳ ಕಡೆ ತಿರುಗಿ ನಿಶ್ಮಿತಾ ತುಳುವಿನಲ್ಲಿ ಏನೋ ಹೇಳಿದಳು. ದನಿ ಬಹಳ ತಗ್ಗಿತ್ತು.

"ಇದನ್ನು ಅವರಿಗೆ ಹೇಳ್ಬೇಡಿ ಅಕ್ಕ."

"ಇಲ್ಲಿ ಕೂತು ಹೇಳಿದ್ದನ್ನೆಲ್ಲ ನಾನು ಹೇಳಲೇಬೇಕು ನಿಶ್ಮಿತಾ. ಅದಕ್ಕೇ ನನ್ನನ್ನು ಕರೆಯುವುದು."

ವಿಷಯ ಹೊರಗೆ ಬಂತು. ಹೊರಡುವ ಹಿಂದಿನ ದಿನ ಸುಮಿತ್ ತನ್ನ ಪಾಲಿನ ಸಾಮಾನು ಮನೆಗೆ ತಂದಿದ್ದ. ಅವನು ಸ್ನಾನಕ್ಕೆ ಹೋದಾಗ ಅವಳು ಬೀಕನ್ನಿನ ಬ್ಯಾಟರಿ ಮುಚ್ಚಳ ತೆಗೆದು, ಒಳಬದಿಗೆ ಊರಿನ ದೇವಿ ಬಪ್ಪನಾಡು ಅಮ್ಮನ ಕುಂಕುಮದ ಸಣ್ಣ ಪೊಟ್ಟಣವನ್ನು ಟೇಪು ಹಾಕಿ ಅಂಟಿಸಿದ್ದಳು. ಅವನಿಗೆ ಹೇಳಿರಲಿಲ್ಲ, ಹೇಳಿದರೆ ನಗುತ್ತಿದ್ದ. ಈಗ ಆ ಪೊಟ್ಟಣ ಒಡೆದು ಪುಡಿ ಬ್ಯಾಟರಿಗೆ ತಾಗಿ ಮೆಷಿನ್ ಕೆಟ್ಟಿದ್ದರೆ? ಹಾಗಾದರೆ ಸದ್ದು ಬರಲಿಲ್ಲ ಎಂಬುದಕ್ಕೆ ಬೇರೆಯೇ ಅರ್ಥ. ಹಾಗಾದರೆ ಅವನು ಅಡಿಯಲ್ಲೇ ಇದ್ದಾನೆ, ಕೊಂದವಳು ತಾನೇ.

"ಎರಡು ತಿಂಗಳಾಯ್ತು ಅಕ್ಕ, ಯಾರ ಹತ್ರವೂ ಹೇಳ್ಲಿಲ್ಲ," ಎಂದಳು.

ಫಿದಾ ಎಲ್ಲವನ್ನೂ ಅರಬ್ಬಿಯಲ್ಲಿ ಹೇಳಿ ಮುಗಿಸಿದಳು. ಹಿಲಾಲ್ ದೂರು ದಾಖಲಿಸಿಕೊಂಡರು. ನಮ್ಮೂರಲ್ಲಾದರೆ ಎಫ್‌ಐಆರ್ ಎನ್ನುತ್ತಿದ್ದ ಆ ಕಾಗದದಲ್ಲಿ ಬರೆದದ್ದು 'ಕಾಣೆಯಾದ ವ್ಯಕ್ತಿ' ಎಂದೇ. ಮೇಲಧಿಕಾರಿ ಫೋನಿನಲ್ಲಿ, ಜಾರ್ಜಿಯಾದ ಹಿಮಕ್ಕೂ ಸೂರಿನ ಠಾಣೆಗೂ ಏನು ಸಂಬಂಧ ಎಂದು ಕೇಳಿದರು. ಮೆಷಿನ್ ಬಿಚ್ಚಿದ್ದು ನಮ್ಮ ನೆಲದಲ್ಲಿ, ಮರಳಿ ಬಂದವರು ಇರುವುದೂ ಇಲ್ಲೇ, ಅಷ್ಟು ಮಾತ್ರ ನೋಡುತ್ತೇನೆ ಎಂದರು ಹಿಲಾಲ್.

ಮಂಗಳವಾರ ಮಸ್ಕತ್ತಿನಲ್ಲಿ ಜೋಸ್ಟನ್‌ನ ಹೇಳಿಕೆ ಪಡೆಯಲಾಯಿತು. ಮರಳಿ ಬಂದ ಮೂವರಲ್ಲಿ ಅವನೊಬ್ಬ. ಮೂಡುಬಿದಿರೆ ಕಡೆಯವನು, ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ. ಆ ಸೆಖೆಯಲ್ಲಿ ತನ್ನ ಕೋಣೆಯ ಎ.ಸಿ. ಬಂದ್ ಮಾಡಿ ಕೂತಿದ್ದ. ತಣ್ಣಗಾದರೆ ಆಗುವುದಿಲ್ಲವಂತೆ. ಫಿದಾ ಅರಬ್ಬಿಗೆ ತಂದದ್ದನ್ನು ಖಮೀಸ್ ಬೆವರೊರೆಸಿಕೊಳ್ಳುತ್ತ ಬರೆದುಕೊಂಡ.

"ಆ ದಿನದ್ದು ಹೇಳಿ."

"ಗುಡಿಸಲಿನಲ್ಲಿ ಮಲಗಿದ್ದೆವು ಸರ್. ಕಲ್ಲಿನ ಗುಡಿಸಲು, ಕುರುಬರು ಬೇಸಿಗೆಗೆ ಮಾತ್ರ ಬರುದು. ವಸಂತದ ಹಿಮ ರಾತ್ರಿಗೆ ಗಟ್ಟಿ, ಬಿಸಿಲೇರಿದ್ರೆ ಅಂಬಲಿ. ಹಾಗಾಗಿ ಬೆಳಕಾಗುವ ಮೊದಲೇ ಹೊರಟು ಮಧ್ಯಾಹ್ನದೊಳಗೆ ಇಳಿದಾಗಬೇಕು. ಆ ದಿನ ಹೊರಡುವಾಗ ತಡ ಆಯ್ತು."

"ಯಾಕೆ?"

"ಶೈಲೇಶಣ್ಣ ಒಳಗೆ ಎಂತದೋ ಸರಿ ಮಾಡ್ತಾ ಇದ್ರು. ಸುಮಿತ್ ಎರಡೆರಡು ಸಲ ಚಾ ಮಾಡಿದ."

"ಬೀಕನ್ ಯಾರ ಹತ್ತಿರ ಇತ್ತು?"

"ರಾತ್ರಿ ನಾಲ್ಕೂ ಅವರ ಬ್ಯಾಗಿನಲ್ಲೇ ಇರುದು. ಬೆಳಿಗ್ಗೆ ಅವರೇ ಆನ್ ಮಾಡಿ, ಚೀಲಕ್ಕೆ ಹಾಕಿ, ಒಬ್ಬೊಬ್ಬರ ಕುತ್ತಿಗೆಗೆ ಹಾಕುದು. ನಮ್ಮಲ್ಲಿ ಮೊದಲಿಂದಲೂ ಹಾಗೆಯೇ."

"ನೀವು ತೆಗೆದು ನೋಡುವುದಿಲ್ಲವಾ?"

ಜೋಸ್ಟನ್ ತುಸು ನಾಚಿದ. "ಶೈಲೇಶಣ್ಣ ನೋಡಿದ್ದಾರೆ ಅಂದ್ರೆ ಮುಗೀತು ಸರ್. ಮತ್ತೆ ತೆಗೆದು ನೋಡಿದ್ರೆ ಅವರನ್ನು ನಂಬ್ಲಿಲ್ಲ ಅಂತ ಆಗ್ತದಲ್ಲ. ನಾನು ಮೆಲ್ಲ ಇಣುಕಿ ನೋಡ್ತೇನೆ. ಚಂದನ್ ಎದುರೇ ನೋಡ್ತಾನೆ, ಬೈಸಿಕೊಳ್ತಾನೆ. ಸುಮಿತ್ ಇಲ್ಲ. ಅವನು ಅಣ್ಣ ಕೊಟ್ಟದ್ದನ್ನು ಹಾಗೇ ಜಾಕೆಟ್ಟಿನೊಳಗೆ ಹಾಕುವವ."

ಹಿಮ ಕುಸಿದಾಗ ಸುಮಿತ್ ಸಾಲಿನ ಮೊದಲಿಗನಾಗಿದ್ದ. ಇಳಿಜಾರು ಅಗಲಕ್ಕೂ ಬಿರುಕು ಬಿಟ್ಟಿತು. ಅವನು ತಿರುಗಿ ನೋಡಿದ್ದು ಇವರಿಗೆ ಕಂಡಿತ್ತು, ಆಮೇಲೆ ಕಾಣಲಿಲ್ಲ. ಒದ್ದೆ ಹಿಮ ನಿಂತ ಮೇಲೆ ಕಾಂಕ್ರೀಟಿನ ಹಾಗೆ ಗಟ್ಟಿಯಾಗುತ್ತದೆ. ಒಳಗಿದ್ದವನಿಗೆ ಸಿಗುವುದು ಕಾಲು ಗಂಟೆ, ಹೆಚ್ಚೆಂದರೆ ಅರ್ಧ.

"ಎಲ್ಲಿ ಹುಡುಕಿದಿರಿ?"

"ಅವನು ಕಾಣೆಯಾದಲ್ಲಿ ಒಂದೆರಡು ಸುತ್ತು ಬಂದೆವು. ಸದ್ದಿಲ್ಲ. ನಮ್ಮ ಹತ್ರ ಉದ್ದದ ಕೋಲುಗಳಿದ್ದವು, ಹಿಮಕ್ಕೆ ಚುಚ್ಚಿ ನೋಡ್ಲಿಕ್ಕೆ. ಚಂದನ್ ಬಿಚ್ಚಿದ. ಶೈಲೇಶಣ್ಣ ಬೊಬ್ಬೆ ಹಾಕಿದ್ರು, ಸಿಗ್ನಲ್ ಇಲ್ಲ ಅಂದ್ರೆ ಇಲ್ಲಿಲ್ಲ, ಕೆಳಗೆ ಹೋಗಿದ್ದಾನೆ, ಯಲ್ಲಾ, ನಡೀರಿ, ಕೆಳಗೆ ಅಂತ. ಇಡೀ ದಿನ ಕೆಳಗಿನ ಕಮರಿಯಲ್ಲೇ ಹುಡುಕಿದೆವು. ಮರುದಿನ ಹೆಲಿಕಾಪ್ಟರ್ ಬರುವಾಗ ಮೇಲಿಂದ ಮತ್ತೂ ಹಿಮ ಬಿದ್ದಿತ್ತು. ಅವರಿಗೂ ಶೈಲೇಶಣ್ಣ ಕಮರಿಯನ್ನೇ ತೋರಿಸಿದ್ದು."

ಖಮೀಸ್ ಬರೆಯುವುದನ್ನು ನಿಲ್ಲಿಸಿ ಹಿಲಾಲರ ಮುಖ ನೋಡಿದ. ಹಿಲಾಲ್ ಚಂದನನ ವಿಳಾಸ ಕೇಳಿದರು.

ಚಂದನ್ ಮೈಸೂರಿನವನು, ಸಾಫ್ಟ್‌ವೇರ್ ಅಲ್ಲ, ಕಟ್ಟಡಗಳ ಎಸ್ಟಿಮೇಟರ್. ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಮನೆ. ಬಾಗಿಲು ತೆಗೆದ ಮಗಳು ಸಿಂಚನಾ "ಪಪ್ಪಾ ಈಸ್ ಆನ್ ಎ ಕಾಲ್" ಎಂದವಳು ಸಮವಸ್ತ್ರ ಕಂಡು ಒಳಗೆ ಓಡಿದಳು. ಚಂದನ್ ಬಂದ. ಯಾವತ್ತಾದರೂ ಯಾರಾದರೂ ಬಂದು ಕೇಳಲಿ ಎಂದೇ ಕಾದಿದ್ದವನಂತೆ ಮಾತಾಡಿದ.

"ಮೆಷಿನ್ನುಗಳನ್ನು ಎಲ್ಲಿಡುತ್ತಿದ್ದಿರಿ?"

"ಸುವೈಕಲ್ಲಿ ಸೇಸಪ್ಪ ಅಂತ ಒಬ್ರು ಪ್ಲಾಸ್ಟಿಕ್ ಅಂಗಡಿ ಇಟ್ಟಿದಾರೆ. ಅವರ ಗೋಡೌನಲ್ಲಿ. ಎಲ್ಲಾ ಸಾಮಾನೂ ಅಲ್ಲೇ."

"ಯಾವುದಾದರೂ ಕೆಟ್ಟಿತ್ತಾ?"

"ಕೆಟ್ಟಿತ್ತು ಅಂತ ಹೇಳಲ್ಲ ಸಾರ್. ಆದ್ರೆ ಒಂದು ನೆನಪಿದೆ. ಹೋದ ಅಕ್ಟೋಬರಲ್ಲಿ ಆಯುಧ ಪೂಜೆ ಮಾಡಿದ್ವಿ, ಅದೇ ಗೋಡೌನಲ್ಲಿ. ಸ್ಕೀ ಎಲ್ಲಾ ಗೋಡೆಗೆ ಒರಗಿಸಿ, ಬೀಕನ್ನುಗಳನ್ನ ಸಾಲಾಗಿ ಮಣೆ ಮೇಲಿಟ್ಟು. ಲೀಡರ್ದು ಮುಂದೆ. ಆಯುಧಕ್ಕೆ ಜೀವ ಇರ್ಬೇಕು ಅಂತ ಶೈಲೇಶ್ ಬ್ಯಾಟ್ರಿ ಹಾಕಿ ಲೈಟ್ ಉರಿಸಿದ್ರು. ಆಮೇಲೆ ತೆಂಗಿನಕಾಯಿ ಒಡೆದ್ರಲ್ಲ, ನೀರೆಲ್ಲಾ ಅವರ ಬೀಕನ್ ಮೇಲೇ ಚೆಲ್ತು. ಒಳಗಿಳಿದಿರತ್ತೆ, ಬಿಚ್ಚಿ ಒರೆಸಿ ಅಂದೆ. ಪೂಜೆ ಆದ್ಮೇಲೆ ವಿಜಯದಶಮಿವರೆಗೂ ಮುಟ್ಟಬಾರ್ದು ಅಂದ್ರು. ಶುಭ ಕಣೋ ಅಂತ ನಕ್ರು. ಆಮೇಲೆ ಯಾರೂ ಅದನ್ನ ಬಿಚ್ಚಿದ ಹಾಗಿಲ್ಲ."

ಭಾರತದ ಈ ಮೂಲೆಯವರಿಗೆ ಬಿಟ್ಟರೆ ಹಿಮಪಾತದ ಯಂತ್ರಕ್ಕೆ ತೆಂಗಿನಕಾಯಿ ಒಡೆಯುವುದು ಭೂಮಿಯ ಮೇಲೆ ಇನ್ಯಾರಿಗಾದರೂ ಹೊಳೆಯುತ್ತದೆಯೇ? ಫಿದಾಳಿಗೆ ಇದನ್ನು ಅರಬ್ಬಿಯಲ್ಲಿ ತಿಳಿಸುವಷ್ಟರಲ್ಲಿ ಸಾಕುಬೇಕಾಯಿತು. ಉಳ್ಳಾಲದಲ್ಲಿ ನೆರೆಮನೆಯವರು ಬೈಕಿಗೂ ಟೈಲರಿಂಗ್ ಮೆಷಿನ್ನಿಗೂ ಮಾಡುತ್ತಿದ್ದ ಪೂಜೆಯನ್ನು ನೋಡಿ ಬೆಳೆದವಳು ಅವಳು. ಹಿಲಾಲ್ ನಗಲಿಲ್ಲ. ಸೂರಿನಲ್ಲಿ ಹೊಸ ದೋಣಿ ನೀರಿಗಿಳಿಸುವಾಗ ತಮ್ಮವರು ಏನೇನು ಮಾಡುತ್ತಾರೆಂದು ಅವರಿಗೂ ಗೊತ್ತಿತ್ತು.

ಬುಧವಾರ ಸುವೈಕಿಗೆ ಹೋದರು. ಸೂರಿನಿಂದ ಬಹಳ ದೂರ. ಮುಟ್ಟುವಾಗ ಬಿಸಿಲಿನ ಕಾರಣಕ್ಕೆ ಹೊರಗಿನ ಕೆಲಸಕ್ಕೆ ನಿಷೇಧವಿರುವ ನಡುಮಧ್ಯಾಹ್ನ. ಸೇಸಪ್ಪ ಬಂಟ್ವಾಳದವನು, ಬಕೆಟು ಕುರ್ಚಿಗಳ ನಡುವೆ ಕೂತು ಊಟ ಮಾಡುತ್ತಿದ್ದ. ಪೊಲೀಸರನ್ನು ಕಂಡು ಕೈ ತೊಳೆದ.

"ನಂಗೆ ಅದರಲ್ಲಿ ಎಂತದೂ ಇಲ್ಲ ಸರ್. ಜಾಗ ಕೊಟ್ಟದ್ದು ಮಾತ್ರ. ಶೈಲೇಶಣ್ಣ ಕೇಳಿದ್ರು. ಅವರಿಗೆ ಇಲ್ಲ ಅನ್ಲಿಕ್ಕೆ ಆಗ್ತದಾ? ನನ್ನ ಬಾಮೈದ ಇಲ್ಲಿ ಹಾರ್ಟ್ ನಿಂತು ಹೋದಾಗ ಹೆಣ ಊರಿಗೆ ಕಳಿಸಿದ್ದು ಅವರೇ. ಕೆಲಸ ಕೊಟ್ಟ ಕಫೀಲ್, ಎಂಬಸಿ, ವಿಮಾನ, ಎಲ್ಲ ಅವರೇ ಓಡಾಡಿ."

ತಗಡಿನ ಮಾಡಿನ ಗೋಡೌನು ಒಲೆಯಂತೆ ಕಾದಿತ್ತು. ಒಂದು ಮೂಲೆಯಲ್ಲಿ ಮೂರು ಜತೆ ಸ್ಕೀ ಹಲಗೆಗಳು, ಅವುಗಳ ಮೇಲೆ ಅಕ್ಟೋಬರಿನ ಗಂಧದ ಕಲೆ ಇನ್ನೂ ಇತ್ತು. ಪಟ್ಟಿಗಳ ಅಂಟು ಕರಗಿ ಒಂದಕ್ಕೊಂದು ಮೆತ್ತಿಕೊಂಡಿತ್ತು. ನೀಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಬೀಕನ್ನುಗಳು: ಕಿತ್ತಳೆ ಬಣ್ಣ, ಅಂಗೈಯಗಲ, ಮೂರೂ ಒಂದೇ ಥರ. ಜಾರ್ಜಿಯಾದಿಂದ ಬಂದ ಮೇಲೆ ಶೈಲೇಶ್ ತಾನೇ ತಂದಿಟ್ಟು ಹೋದದ್ದು, ಆಮೇಲೆ ಯಾರೂ ಮುಟ್ಟಿಲ್ಲ ಎಂದ ಸೇಸಪ್ಪ.

ಪಂಚನಾಮೆಗೆ ಪಕ್ಕದ ಅಂಗಡಿಯವರಿಬ್ಬರನ್ನು ಕರೆದರು. ಹಿಲಾಲ್ ಕೈಗವಸು ಹಾಕಿ ಮೊದಲನೆಯದರ ಮುಚ್ಚಳ ತೆಗೆದರು. ಬ್ಯಾಟರಿ ಮಾತ್ರ. ಎರಡನೆಯದರಲ್ಲೂ ಬ್ಯಾಟರಿ ಮಾತ್ರ. ಮೂರನೆಯದರ ಮುಚ್ಚಳದ ಒಳಬದಿಗೆ, ಸೆಲ್ಲೋಟೇಪಿನಡಿ, ಕಡಲೆಕಾಳಿನಷ್ಟು ದೊಡ್ಡ ಕಾಗದದ ಪೊಟ್ಟಣವಿತ್ತು. ಒಂದು ಮೂಲೆಯಲ್ಲಿ ಕೆಂಪು ಒಸರಿತ್ತು, ಬ್ಯಾಟರಿಗೆ ತಾಗಿರಲಿಲ್ಲ.

ಫಿದಾ ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟಳು.

ಹಿಲಾಲ್ ಅದನ್ನು ಆನ್ ಮಾಡಿ ಖಮೀಸನ ಕೈಗೆ ಕೊಟ್ಟರು. ಅವನು ಬಕೆಟುಗಳ ಹಿಂದೆ ಹೋಗಿ ಮರೆಯಾದ. ಇನ್ನೊಂದರ ಗುಂಡಿಯನ್ನು ಹುಡುಕಾಟಕ್ಕೆ ತಿರುಗಿಸಿದ ಕೂಡಲೇ ಸದ್ದು ಬಂತು: ಹತ್ತಿರ ಹೋದಷ್ಟೂ ಜೋರು, ಚುರುಕು. ಸುಮಿತನ ಬೀಕನ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅದು ಇರಬೇಕಾದ ಎದೆಯಲ್ಲಿ ಇರಲಿಲ್ಲ, ಅಷ್ಟೇ. ತೆಂಗಿನಕಾಯಿಯ ನೀರು ಕುಡಿದ ನಾಲ್ಕನೆಯದು ಎಲ್ಲಿದೆ ಎಂಬುದನ್ನು ಅಲ್ಲಿ ನಿಂತಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಗುರುತು ಹಿಡಿಸಲು ಗುರುವಾರ ನಿಶ್ಮಿತಾಳನ್ನು ಠಾಣೆಗೆ ಕರೆಸಿದರು. ಬ್ಯಾಗು ಹಿಡಿದೇ ಬಂದಳು. ಮೂರೂ ಬೀಕನ್ನುಗಳನ್ನು ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಇದರಲ್ಲಿ ನಿಮಗೆ ಗುರುತು ಸಿಗುವಂಥದ್ದು ಇದೆಯಾ?"

ಅವಳು ಪೊಟ್ಟಣ ಕಂಡಳು. ಮುಖ ಅರಳಿತು. ಫಿದಾಳಿಗೆ ಅದನ್ನು ನೋಡಲಾಗಲಿಲ್ಲ.

"ಇದು ನಮ್ಮವರದ್ದು. ಸಿಕ್ಕಿತಾ? ಎಲ್ಲಿ ಸಿಕ್ಕಿದ್ದು, ಆ ಊರಲ್ಲಾ? ಕೆಟ್ಟಿದೆಯಾ ಸರ್?"

"ಕೆಟ್ಟಿಲ್ಲ. ಸರಿಯಾಗಿದೆ. ನಿಮ್ಮ ಕುಂಕುಮದಿಂದ ಅದಕ್ಕೆ ಏನೂ ಆಗಿಲ್ಲ."

ಎರಡು ತಿಂಗಳು ಒಳಗೊಳಗೇ ಹೊತ್ತ ಕಲ್ಲು ಇಳಿದದ್ದಕ್ಕೆ ಅವಳು ಅತ್ತಳು. ಹಿಲಾಲ್ ಅಳಲು ಬಿಟ್ಟರು. ಆಮೇಲೆ, ಇದು ಸಿಕ್ಕಿದ್ದು ಸುವೈಕಿನಲ್ಲಿ, ಮರಳಿ ಬಂದ ಮೂವರ ಸಾಮಾನಿನ ಜತೆ ಎಂದು ಹೇಳಿದರು. ಫಿದಾ ಅದನ್ನು ಅಷ್ಟೇ ನಿಧಾನವಾಗಿ ಕನ್ನಡಕ್ಕೆ ತಂದಳು.

"ಇದು ಇಲ್ಲಿಗೆ ಬಂದದ್ದಾದ್ರೆ," ಎಂದು ನಿಶ್ಮಿತಾ ಶುರುಮಾಡಿದಳು, ಮುಂದಕ್ಕೆ ಹೋಗಲಿಲ್ಲ.

ಅಷ್ಟರಲ್ಲಿ ಅವಳ ಫೋನು ಬಡಿಯಿತು. ಪರದೆಯ ಮೇಲೆ ಶೈಲೇಶಣ್ಣ ಎಂದಿತ್ತು. ವಾರಕ್ಕೊಮ್ಮೆ ತಪ್ಪದೆ ಮಾಡುವವನು. ಮಾತಾಡಿ ಎಂಬಂತೆ ಹಿಲಾಲ್ ತಲೆಯಾಡಿಸಿದರು. ಅವಳು ಸ್ಪೀಕರಿಗೆ ಹಾಕಿದಳು.

"ಹೇಗಿದ್ದಿ ಮಗಾ? ಊಟ ಆಯ್ತಾ? ನೋಡು, ಅಲ್ಲಿಯ ಒಬ್ಬನಿಗೆ ಮೆಸೇಜ್ ಮಾಡಿದ್ದೇನೆ. ಆಚೆ ಕಣಿವೆಯ ಒಂದು ಊರಲ್ಲಿ ಯಾರೋ ಏಷ್ಯಾದ ಮನುಷ್ಯನನ್ನು ನೋಡಿದ್ದಾರಂತೆ. ಗ್ಯಾರಂಟಿ ಇಲ್ಲ. ಆದ್ರೆ ಧೈರ್ಯ ಬಿಡ್ಬೇಡ."

"ಅಣ್ಣ, ಆ ದಿನ ಇವರ ಮೆಷಿನ್ ಸರಿ ಇತ್ತಲ್ಲ?"

"ಇತ್ತು. ನಾನೇ ಕೈಯಾರೆ ಹಾಕಿದ್ದಲ್ವಾ. ಸರಿ ಇದ್ದದ್ದಕ್ಕೇ ಹೇಳುದು, ಅವ ಅಡಿಯಲ್ಲಿಲ್ಲ ಅಂತ."

"ನಿಮ್ಮದು?"

"ನನ್ನದೂ ಸರಿ ಇತ್ತು. ಯಾಕೆ ಕೇಳ್ತಿ?"

ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಹಲೋ ಹಲೋ ಎಂಬ ದನಿ ಬರುತ್ತಲೇ ಇತ್ತು. ಖಮೀಸ್ ಕೈ ಚಾಚಿ ಕಟ್ ಮಾಡಿದ. ಅವಳಿಗೆ ಈಗ ಎಲ್ಲ ಗೊತ್ತಾಗಿತ್ತು. ಗಂಡ ಎಲ್ಲಿದ್ದಾನೆ ಎಂಬುದೂ.

ಅದೇ ಸಂಜೆ ಮಸ್ಕತ್ತಿನಲ್ಲಿ ಶೈಲೇಶನ ಬಂಧನವಾಯಿತು. ಒಂದು ಕಂಪನಿಯ ಖರೀದಿ ವಿಭಾಗದ ಮ್ಯಾನೇಜರ್. ಕರಾವಳಿಯವರ ರಕ್ತದಾನ ಶಿಬಿರವಿರಲಿ, ಕ್ರಿಕೆಟ್ ಪಂದ್ಯವಿರಲಿ, ಮುಂದೆ ನಿಲ್ಲುವವನು ಇವನೇ. ಆಫೀಸಿನ ಕೆಳಗೆ ಕಾರು ತೆಗೆಯುತ್ತಿದ್ದವನು ಪೊಲೀಸರನ್ನು ಕಂಡು, ಯಾರಿಗೆ ಏನಾಯ್ತು ಸರ್, ಹೆಲ್ಪ್ ಬೇಕಾ ಎಂದು ಕೇಳಿದ. ಯಾರದೋ ಹೆಣದ ಕಾಗದಪತ್ರಕ್ಕೆ ಬಂದಿದ್ದಾರೆಂದು ನಿಜವಾಗಿಯೂ ಎಣಿಸಿದ್ದನಂತೆ.

ವಿಚಾರಣೆ ಶುರುವಾಗಿ ಬಹಳ ಹೊತ್ತು ಎಲ್ಲಕ್ಕೂ ಇಲ್ಲ ಎಂದ. ಹಿಲಾಲ್ ಪೊಟ್ಟಣವಿದ್ದ ಮುಚ್ಚಳವನ್ನು ಎದುರಿಗಿಟ್ಟರು. ಅದೇನೆಂದು ಅವನಿಗೆ ತಿಳಿಯಲಿಲ್ಲ. ಫಿದಾ ಹೇಳಿದಳು. ಅವನು ಅದನ್ನೇ ನೋಡುತ್ತ ಕೂತ.

"ನಿಮ್ಮದು ಕೆಟ್ಟದ್ದು ಯಾವಾಗ ಗೊತ್ತಾಯ್ತು?"

"ಆ ದಿನ ಬೆಳಿಗ್ಗೆ. ಲೈಟ್ ಬರ್ಲಿಲ್ಲ. ಬ್ಯಾಟರಿ ಬದಲಿಸಿದೆ, ಉಜ್ಜಿದೆ. ಒಳಗೆ ಹಸಿರು ಹಿಡಿದಿತ್ತು."

"ವಾಪಸ್ ಹೋಗಬಹುದಿತ್ತು."

"ಹೋಗ್ಬಹುದಿತ್ತು. ಮೂವರನ್ನೂ ಒತ್ತಾಯ ಮಾಡಿ ಕರ್ಕೊಂಡು ಹೋದದ್ದು ನಾನು. ನನ್ನ ಮೆಷಿನ್ನೇ ಹಾಳು ಅಂತ ಹೇಳುದು ಹೇಗೆ? ಚಂದನ್ ಪೂಜೆ ದಿನವೇ ಹೇಳಿದ್ದ."

"ನೀವೇ ಕೆಟ್ಟದ್ದನ್ನು ಹಾಕಿಕೊಳ್ಳಬಹುದಿತ್ತು."

ಶೈಲೇಶ್ ನೀರು ಕೇಳಿ ಕುಡಿದ.

"ಹಿಂದಿನ ಸಂಜೆ ಎದುರಿನ ಬೆಟ್ಟ ಕುಸಿದ ಸದ್ದು ಕೇಳಿತ್ತು ಸರ್. ನಂಗೆ ಹೆದರಿಕೆ ಆಯ್ತು. ಒಂದು ದಿನದ ಮಟ್ಟಿಗೆ ಅಂತ ಬದಲಿಸಿದೆ. ಸಂಜೆ ವಾಪಸ್ ಹಾಕುವಾ ಅಂತ."

"ಸುಮಿತನಿಗೇ ಯಾಕೆ?"

"ಅವ ತೆಗೆದು ನೋಡುವವ ಅಲ್ಲ."

ಹಿಲಾಲ್ ಆ ಮಾತನ್ನು ತಾವೇ ಬರೆದುಕೊಂಡರು.

"ಕುಸಿದ ಮೇಲೆ ನಿಮಗೆ ಒಬ್ಬರಿಗೆ ಮಾತ್ರ ಗೊತ್ತಿತ್ತು, ಸದ್ದು ಬರುವುದಿಲ್ಲ ಅಂತ. ಕೋಲು ಚುಚ್ಚಿ ನೋಡಿ ಅಂತ ಹೇಳಿದ್ದರೆ ಸಾಕಿತ್ತು."

"ಹೇಳ್ಬೇಕು ಅಂತ ಬಾಯಿ ತೆರೆದೆ ಸರ್. ಕೆಳಗೆ ಅಂತ ಬಂತು. ಒಮ್ಮೆ ಹೇಳಿ ಆಯ್ತಲ್ಲ. ಮತ್ತೆ ಮೇಲೆ ಅಂತ ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರು."

"ಆ ಹೆಂಗಸಿಗೆ ಎರಡು ತಿಂಗಳಿಂದ ಆಸೆ ಹುಟ್ಟಿಸಿದ್ದು ಯಾಕೆ?"

"ಅವಳು ಕೇಳ್ತಿದ್ಳು. ಇಲ್ಲ ಅಂತ ಹೇಳುದಾದ್ರೆ, ಹೇಗೆ ಗೊತ್ತು ಅಂತಲೂ ಹೇಳ್ಬೇಕಲ್ಲ."

ಶೈಲೇಶನಿಗೆ ಸುಮಿತನ ಮೇಲೆ ಹಗೆಯಿರಲಿಲ್ಲ. ತನಿಖಾ ವರದಿಯ ಕೊನೆಯ ಪುಟದಲ್ಲಿ ಉದ್ದೇಶ ಎಂಬಲ್ಲಿ ಹಿಲಾಲ್ ಬರೆದದ್ದು ಭಯ ಎಂಬ ಒಂದೇ ಮಾತು. ಬೆಳಿಗ್ಗೆ ಸಾಯುವ ಭಯ, ಆಮೇಲೆ ಮುಖ ಕಳೆದುಕೊಳ್ಳುವ ಭಯ. ಎಲ್ಲರಿಗೂ ಅಣ್ಣನಾಗಿದ್ದವನಿಗೆ ಎರಡನೆಯದೇ ದೊಡ್ಡದಾಯಿತು. ಇಂಥ ಮನುಷ್ಯನ ಮೇಲೆ ಸಿಟ್ಟು ಬರುತ್ತದೆ, ಅದಕ್ಕಿಂತ ಹೆಚ್ಚಾಗಿ ಹೇಸಿಗೆಯಾಗುತ್ತದೆ. ಆ ಬೆಳಿಗ್ಗೆ ಆ ಗುಡಿಸಲಿನಲ್ಲಿ ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಖಮೀಸ್ ಕಾರಿನಲ್ಲಿ ಕೇಳಿದ. ಹಿಲಾಲ್ ಎಂಜಿನ್ ಶುರುಮಾಡಿದರು.

ಜುಲೈಯಲ್ಲಿ ಹಿಮ ಕರಗಿತು. ಈ ಸಲ ಜಾರ್ಜಿಯಾದವರು ಕಮರಿಗೆ ಹೋಗಲಿಲ್ಲ, ಜೋಸ್ಟನ್ ಮತ್ತು ಚಂದನ್ ಬರೆದು ಕೊಟ್ಟ ಜಾಗಕ್ಕೇ ಹೋದರು. ಸುಮಿತ್ ಅಲ್ಲೇ ಇದ್ದ, ಆ ದಿನ ಮೂವರೂ ನಿಂತು ಕೂಗಿದ ಜಾಗದ ಅಡಿಯಲ್ಲಿ. ಬಲಗೈ ಮೇಲಕ್ಕೆ ಚಾಚಿತ್ತು. ಎದೆಯ ಚೀಲದಲ್ಲಿ ಹಸಿರು ಹಿಡಿದ ಬೀಕನ್ ಇತ್ತು.

ಸುದ್ದಿ ಹೇಳಲು ಹಿಲಾಲ್ ಫಿದಾಳನ್ನು ಕರೆದುಕೊಂಡು ನಿಶ್ಮಿತಾಳ ಮನೆಗೆ ಹೋದರು. ಅವಳು ಬ್ಯಾಗು ಬಿಚ್ಚಿ, ಬಟ್ಟೆಗಳನ್ನು ಒಗೆದು, ಮಡಚಿ ಇಟ್ಟಿದ್ದಳು. ಅವರ ಮುಖ ನೋಡಿ ಕಾಗದಕ್ಕೆ ಸಹಿ ಹಾಕಿದಳು. 'ಕಾಣೆಯಾದ ವ್ಯಕ್ತಿ' ಎಂಬುದನ್ನು ಅದರಲ್ಲಿ ಬದಲಿಸಲಾಗಿತ್ತು. ಹೆಣವನ್ನು ಊರಿಗೆ ಕಳಿಸುವ ವಿಧಾನ ಯಾರಿಗೆ ಗೊತ್ತು ಎಂದು ಕೇಳಿದಳು. ನಮ್ಮ ಜನರಲ್ಲಿ ಅದೆಲ್ಲ ಗೊತ್ತಿದ್ದವನು ಒಬ್ಬನೇ, ಅವನು ಲಾಕಪ್ಪಿನಲ್ಲಿದ್ದ. ತಾವೇ ಓಡಾಡಿ ಮಾಡಿಸುವುದಾಗಿ ಹಿಲಾಲ್ ಹೇಳಿದರು.

ಹೊರಡುವಾಗ ಅವರಿಗೆ ನೆನಪಾಯಿತು. ಕುಂಕುಮದ ಪೊಟ್ಟಣ ಈಗ ಸಾಕ್ಷ್ಯವಾಗಿ ನ್ಯಾಯಾಲಯದಲ್ಲಿದೆ, ಕೇಸು ಮುಗಿದ ಮೇಲೆ ಬೇಕಾದರೆ ಕೇಳಿ ಪಡೆಯಬಹುದು ಎಂದರು.

"ಬೇಡ," ಎಂದಳು ನಿಶ್ಮಿತಾ. "ಅಮ್ಮನ ಪ್ರಸಾದ ಅದರ ಕೆಲಸ ಮಾಡಿದೆ ಅಕ್ಕ. ಯಾರ ಎದೆಯಲ್ಲಿತ್ತೋ ಅವರನ್ನು ಜೋಪಾನವಾಗಿ ಮನೆಗೆ ಮುಟ್ಟಿಸಿದೆ."

ಏನೆಂದಳು ಎಂದು ಹಿಲಾಲ್ ಕೇಳಿದರು. ಠಾಣೆಯಲ್ಲಿ ಒಂದು ಮಾತನ್ನೂ ಬಿಡದ ಫಿದಾ, ಬೇಡವಂತೆ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡಳು.